ಗೊಲ್ಲಮ್‌ನನ್ನು ನೋಡಿ ಒಮ್ಮೆ ‘ಪಾಪ’ ಅನ್ನಿ: ಆಂಡಿ ಸರ್ಕಿಸ್ ಮತ್ತು ಅವರ ತಂಡಕ್ಕೆ ಒಂದು ಬಹಿರಂಗ ಪತ್ರ

ಆಂಡಿ ಸರ್ಕಿಸ್ ಅವರಿಗೆ, ಪೀಟರ್ ಜಾಕ್ಸನ್, ಫ್ರಾನ್ ವಾಲ್ಷ್, ಫಿಲಿಪಾ ಬೋಯೆನ್ಸ್ ಅವರಿಗೆ, ಮತ್ತು ‘ದಿ ಹಂಟ್ ಫಾರ್ ಗೊಲ್ಲಮ್’ ಚಿತ್ರಕ್ಕಾಗಿ ದುಡಿಯುತ್ತಿರುವ ಎಲ್ಲರಿಗೂ,

ನಮಸ್ಕಾರ.

ನಾನು ಮಲೆನಾಡಿನವಳು. ಸಾಗರದ ಹತ್ತಿರದ ಒಂದು ಹಳ್ಳಿ ನನ್ನದು. ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಯಾಕೆಂದರೆ ನಾನು ಕೇಳಬೇಕಾಗಿರುವುದು ಕನ್ನಡದ ಒಂದು ಪದದಲ್ಲಿದೆ. ಅದನ್ನು ಬೇರೆ ಭಾಷೆಗೆ ಒಯ್ದರೆ ಅರ್ಧ ಇಲ್ಲೇ ಉಳಿದುಬಿಡುತ್ತದೆ. ಜೊತೆಗೆ, ಟೋಲ್ಕೀನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯನ್ನು, ಅದರೊಳಗಿನ ಗೊಲ್ಲಮ್‌ನನ್ನು ನನ್ನ ಹಾಗೇ ಹಚ್ಚಿಕೊಂಡಿರುವ ಕನ್ನಡದವರು ತುಂಬಾ ಜನ ಇದ್ದಾರೆ. ಅವರೂ ಓದಲಿ ಅಂತ ಆಸೆ.

ನಿಮ್ಮ ಹೊಸ ಚಿತ್ರ 2027ರ ಡಿಸೆಂಬರ್‌ನಲ್ಲಿ ಬರುತ್ತದೆ ಎಂದು ಪ್ರಕಟವಾಗಿದೆ. ಇಪ್ಪತ್ತು ವರ್ಷಗಳಿಂದ ನನ್ನ ಮನಸ್ಸಿನಲ್ಲಿ ಕೂತಿರುವ ಒಂದು ಮಾತನ್ನು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು.

ಮೊದಲು ನನ್ನ ಅಜ್ಜಿಯ ಬಗ್ಗೆ ಹೇಳಬೇಕು.

ನಮ್ಮ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ರಾತ್ರಿ ಹೊತ್ತು ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಾರೆ. ಹಸಿ ಅಡಿಕೆ ಸುಲಿಯುವ ಕೆಲಸ. ಕೈ ತನ್ನ ಪಾಡಿಗೆ ಓಡುತ್ತಿರುತ್ತದೆ. ಕಿವಿ ಮತ್ತು ಬಾಯಿಗೆ ಕೆಲಸ ಇರುವುದಿಲ್ಲ. ಹಾಗಾಗಿ ಕಥೆ ಬೇಕು. ನಾನು ಚಿಕ್ಕವಳಿದ್ದಾಗ ಅಜ್ಜಿ ಕಥೆ ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ಡಿಗ್ರಿ ಓದುತ್ತಿದ್ದಾಗ ಒಂದು ಚಳಿಗಾಲ ಅದು ತಿರುವುಮುರುವಾಯಿತು. ಬೆಂಗಳೂರಿನ ಅಣ್ಣ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಪುಸ್ತಕದ ಮೂರೂ ಭಾಗಗಳನ್ನು ತಂದುಕೊಟ್ಟಿದ್ದ. ಹಗಲು ಓದಿದ್ದನ್ನು ರಾತ್ರಿ ಜಗಲಿಯಲ್ಲಿ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ.

ಎಲ್ಫ್ ಎಂಬ ಸಾವಿಲ್ಲದ ಜನರ ಬಗ್ಗೆ ಅಜ್ಜಿಗೆ ಅಷ್ಟೇನೂ ಕುತೂಹಲ ಹುಟ್ಟಲಿಲ್ಲ. ಯುದ್ಧ ಬಂದಾಗ ತೂಕಡಿಸುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಗೊಲ್ಲಮ್‌ಗೆ. ಅವನ ಕಥೆಯನ್ನು ಮೊದಲ ಸಲ ಹೇಳಿದ ರಾತ್ರಿ ಚೆನ್ನಾಗಿ ನೆನಪಿದೆ. ಅವನ ಮೊದಲ ಹೆಸರು ಸ್ಮೀಗಲ್. ಅವನೂ ಹಾಬಿಟ್ ಎಂಬ ಕುಳ್ಳ ಜನರ ಪೈಕಿಯವನೇ. ತನ್ನ ಹುಟ್ಟಿದ ದಿನ ಗೆಳೆಯ ಡೀಗಲ್ ಜೊತೆ ನದಿಗೆ ಹೋಗಿರುತ್ತಾನೆ. ಡೀಗಲ್‌ಗೆ ನೀರಿನಡಿ ಒಂದು ಉಂಗುರ ಸಿಗುತ್ತದೆ. ಅದು ನನಗೆ ಬೇಕು ಅಂತ ಸ್ಮೀಗಲ್ ಅವನ ಕತ್ತು ಹಿಸುಕಿ ಕೊಲ್ಲುತ್ತಾನೆ. ಮನೆಯವರು ಅವನನ್ನು ಹೊರಗೆ ಹಾಕುತ್ತಾರೆ. ಬಿಸಿಲಿಗೆ ಹೆದರಿ ಬೆಟ್ಟದ ಬುಡದ ಕತ್ತಲೆಗೆ ಇಳಿದವನು ಸುಮಾರು 500 ವರ್ಷ ಆ ಉಂಗುರದ ಜೊತೆ ಒಬ್ಬನೇ ಇರುತ್ತಾನೆ. ಗಂಟಲಲ್ಲಿ ಬರುವ ಶಬ್ದವೇ ಅವನ ಹೆಸರಾಗುತ್ತದೆ.

ಅಜ್ಜಿಯ ಕೈ ನಿಂತಿತು. ಆ ಹೊತ್ತಿನಲ್ಲಿ ಅವಳ ಕೈ ನಿಲ್ಲುವುದೇ ಅಪರೂಪ.

“ಅಯ್ಯೋ ಪಾಪ! ಅವಂಗೆ ಯಾರೂ ಇಲ್ಯಾ?” ಅಂದಳು.

ನಾನು ಹೇಳಲು ಬಂದ ಪದ ಇದೇ. ಕನ್ನಡದಲ್ಲಿ ಪಾಪ ಅಂದರೆ ಮಾಡಬಾರದ್ದನ್ನು ಮಾಡುವುದು. ಕೊಲೆ ಪಾಪ, ಕಳ್ಳತನ ಪಾಪ. ಹಾಗೆಯೇ ಸಂಕಟದಲ್ಲಿರುವ ಜೀವವನ್ನು ಕಂಡಾಗ ಬಾಯಿಂದ ತಾನಾಗಿ ಬರುವುದೂ ‘ಪಾಪ’ ಅಂತಲೇ. ಪಾಪ ಮಾಡಿದವನನ್ನು ನೋಡಿ ನಾವು ಪಾಪ ಅನ್ನುತ್ತೇವೆ. ದಿನಾ ಆಡುವ ಮಾತು, ಯಾರೂ ನಿಂತು ಯೋಚಿಸುವುದಿಲ್ಲ. ಗೊಲ್ಲಮ್ ಕಥೆ ಕೇಳಿ ಅಜ್ಜಿ ಹಾಗಂದಾಗಲೇ ನನಗೂ ಅದು ಹೊಳೆದದ್ದು. ಟೋಲ್ಕೀನ್ ಬರೆದ ಗೊಲ್ಲಮ್‌ಗೆ ಆ ಎರಡೂ ಅರ್ಥ ಒಟ್ಟಿಗೇ ಬೇಕು. ಒಂದನ್ನು ತೆಗೆದರೆ ಅವನು ಬರೀ ದೆವ್ವ. ಇನ್ನೊಂದನ್ನು ತೆಗೆದರೆ ಬರೀ ಬಡಪಾಯಿ.

ಇನ್ನೊಂದು ಪದವನ್ನೂ ಹೇಳಿಬಿಡುತ್ತೇನೆ. ಗೊಲ್ಲಮ್ ಆ ಉಂಗುರವನ್ನು ಮುದ್ದಿನಿಂದ ‘ಮೈ ಪ್ರೆಷಸ್’ ಅಂತ ಕರೆಯುತ್ತಾನಲ್ಲ, ಅದನ್ನು ಕನ್ನಡದಲ್ಲಿ ಹೇಗೆ ಹೇಳುವುದು ಅಂತ ನನಗೆ ಒಂದು ಕ್ಷಣವೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. “ನನ್ನ ಚಿನ್ನಾ” ಅಂದೆ. ಅದು ಲೋಹವೂ ಹೌದು, ಮಗುವನ್ನು ಎತ್ತಿಕೊಂಡು ಕರೆಯುವ ಹೆಸರೂ ಹೌದು. ಬಂಗಾರದ ಉಂಗುರವನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡವನಿಗೆ ನಮ್ಮ ಭಾಷೆ ಪದವನ್ನು ಮೊದಲೇ ತಯಾರು ಮಾಡಿ ಇಟ್ಟ ಹಾಗಿತ್ತು. ನಿಮ್ಮ ಚಿತ್ರ ಯಾವತ್ತಾದರೂ ಕನ್ನಡದ ಮಾತಿನಲ್ಲಿ ಬಂದರೆ ದಯವಿಟ್ಟು ಈ ಪದವನ್ನೇ ಬಳಸಿ.

ಈಗ ಆಂಡಿಯವರೇ, ನಿಮಗೆ ಥ್ಯಾಂಕ್ಸ್ ಹೇಳಬೇಕು. ಇದು ಬಾಯಿಮಾತಿನ ಥ್ಯಾಂಕ್ಸ್ ಅಲ್ಲ.

ನಿಮ್ಮನ್ನು ಮೊದಲು ಕರೆದದ್ದು ಮೂರು ವಾರದ ದನಿ ಕೆಲಸಕ್ಕೆ ಅಂತ ಓದಿದ್ದೇನೆ. ಬೆಕ್ಕು ಕೂದಲ ಉಂಡೆಯನ್ನು ಕೆಮ್ಮಿ ಹೊರಹಾಕುವ ಸದ್ದಿನಿಂದ ಆ ದನಿ ಹುಟ್ಟಿತಂತೆ. ಆಮೇಲೆ ನೀವು ಬಂಡೆಯ ಮೇಲೆ, ನೀರಿನಲ್ಲಿ, ಕೈಕಾಲು ಊರಿಕೊಂಡು ಇಡೀ ಪಾತ್ರವನ್ನೇ ಆಡಿದಿರಿ. ಕಂಪ್ಯೂಟರ್‌ನಲ್ಲಿ ಗೊಲ್ಲಮ್ ಮಾಡುತ್ತಿದ್ದವರು ನಿಮ್ಮ ಅಭಿನಯ ಕಂಡು ಅವನ ಮುಖವನ್ನೇ ಹೊಸದಾಗಿ ರೂಪಿಸಿದರು. ಅಲ್ಲಿಯವರೆಗೆ ಪುಸ್ತಕ ಓದಿದ ಒಬ್ಬೊಬ್ಬರ ತಲೆಯಲ್ಲೂ ಒಬ್ಬೊಬ್ಬ ಗೊಲ್ಲಮ್ ಇದ್ದ. 2002ರ ‘ದಿ ಟು ಟವರ್ಸ್’ ಬಂದ ಮೇಲೆ ಎಲ್ಲರಿಗೂ ಅವನೊಬ್ಬನೇ. ಸಾಮಾನ್ಯವಾಗಿ ಸಿನಿಮಾ ಹೀಗೆ ಮಾಡಿದಾಗ ಪುಸ್ತಕ ಓದಿದವರಿಗೆ ಏನೋ ಕಳೆದುಕೊಂಡ ಹಾಗೆ ಬೇಜಾರಾಗುತ್ತದೆ. ನನಗೆ ಆಗಲಿಲ್ಲ. ನೀವು ಕೊಟ್ಟದ್ದು ನನ್ನ ಬಳಿ ಇದ್ದದ್ದಕ್ಕಿಂತ ದೊಡ್ಡದಾಗಿತ್ತು.

ಆ ಉಂಗುರವನ್ನು ನಾಶ ಮಾಡಲು ಹೊರಟ ಹಾಬಿಟ್‌ಗಳು ಫ್ರೋಡೊ ಮತ್ತು ಸ್ಯಾಮ್; ಅವರಿಗೆ ದಾರಿ ತೋರಿಸುವವನು ಗೊಲ್ಲಮ್. ರಾತ್ರಿ ಅವರಿಬ್ಬರು ಮಲಗಿದಾಗ ಅವನು ತನ್ನ ಜೊತೆ ತಾನೇ ಜಗಳ ಆಡುವ ದೃಶ್ಯ ಇದೆಯಲ್ಲ, ಒಂದು ಮುಖ ಸ್ಮೀಗಲ್, ಇನ್ನೊಂದು ಮುಖ ಗೊಲ್ಲಮ್. ಅದನ್ನು ನಿರ್ದೇಶಿಸಿದ್ದು ಫ್ರಾನ್ ವಾಲ್ಷ್. ಬರೀ ಕ್ಯಾಮೆರಾ ಕೋನ ಬದಲಿಸಿ ಒಂದೇ ಮೈಯಲ್ಲಿ ಇಬ್ಬರನ್ನು ತೋರಿಸಿದರು. “ಹೊರಟು ಹೋಗು, ಮತ್ತೆ ಬರಬೇಡ” ಅಂತ ಸ್ಮೀಗಲ್ ಹೇಳಿ ಖುಷಿಯಿಂದ ಕುಣಿಯುವಾಗ ಅಜ್ಜಿ ಟಿವಿ ಮುಂದೆ ಚಪ್ಪಾಳೆ ತಟ್ಟಿದ್ದಳು. ಭಾಷೆ ಬರದಿದ್ದರೂ ಅವಳಿಗೆ ಗೊತ್ತಾಗಿತ್ತು.

ಟೋಲ್ಕೀನ್ ಇದಕ್ಕೂ ಮೊದಲು ಬರೆದ ‘ದಿ ಹಾಬಿಟ್’ ಪುಸ್ತಕವನ್ನು ಮೂರು ಸಿನಿಮಾಕ್ಕೆ ಎಳೆದದ್ದು ನನಗೆ ಹಿಡಿಸಲಿಲ್ಲ. ಅದೊಂದು ಸಣ್ಣ, ಹಗುರಾದ ಮಕ್ಕಳ ಪುಸ್ತಕ. ಆದರೆ ಅದರ ಮೊದಲ ಚಿತ್ರದಲ್ಲಿ ಗುಹೆಯ ಭಾಗ ಇದೆಯಲ್ಲ, ಅದಕ್ಕಾಗಿ ಉಳಿದದ್ದೆಲ್ಲ ಕ್ಷಮಿಸಬಹುದು. ಗೊಲ್ಲಮ್ ಕಳೆದುಕೊಂಡ ಉಂಗುರವನ್ನು ಹಾಕಿಕೊಂಡು ಕಣ್ಣಿಗೆ ಕಾಣದಂತಾದ ಬಿಲ್ಬೊ ಎಂಬ ಹಾಬಿಟ್ ಕತ್ತಿ ಎತ್ತಿ ಗೊಲ್ಲಮ್‌ನ ಕುತ್ತಿಗೆಗೆ ಹಿಡಿಯುತ್ತಾನೆ. ಒಂದು ಏಟು ಸಾಕು. ಗೊಲ್ಲಮ್ ಆ ಕಡೆ ತಿರುಗುತ್ತಾನೆ. ಆಗ ನಿಮ್ಮ ಮುಖದಲ್ಲಿ ಎಲ್ಲವನ್ನೂ ಕಳೆದುಕೊಂಡವನ ನೋವಿತ್ತು. ಕತ್ತಿ ಕೆಳಗಿಳಿಯುತ್ತದೆ. ಮಾತಿಲ್ಲ. ಬಿಲ್ಬೊ ಮನಸ್ಸಿನಲ್ಲಿ ‘ಪಾಪ’ ಅಂದ, ಅಷ್ಟೇ.

ಅಚ್ಚರಿಯ ವಿಷಯ ಏನೆಂದರೆ, 1937ರಲ್ಲಿ ಅಚ್ಚಾದ ಮೊದಲ ‘ಹಾಬಿಟ್’ನಲ್ಲಿ ಈ ಗಳಿಗೆಯೇ ಇರಲಿಲ್ಲ. ಆ ಗೊಲ್ಲಮ್ ಮಾತಿಗೆ ತಪ್ಪದವನು. ಬಿಲ್ಬೊ ಜೊತೆಗಿನ ಒಗಟಿನ ಆಟದಲ್ಲಿ ಸೋತ, ಬಹುಮಾನವಾಗಿ ಉಂಗುರ ಕೊಡಬೇಕು, ಹುಡುಕಿದರೆ ಇಲ್ಲ. ಕ್ಷಮೆ ಕೇಳಿ ಬಿಲ್ಬೊಗೆ ಹೊರಗಿನ ದಾರಿ ತೋರಿಸಿ ಕಳಿಸುತ್ತಾನೆ. ಮುಂದೆ ಆ ಉಂಗುರವೇ ದೊಡ್ಡ ಕಥೆಯಾಗಿ ಬೆಳೆದಾಗ ಟೋಲ್ಕೀನ್ ಹಿಂದಕ್ಕೆ ಹೋಗಿ ಆ ಅಧ್ಯಾಯವನ್ನು ತಿದ್ದಿದರು. ತಿದ್ದಿದ್ದು 1951ರ ಆವೃತ್ತಿಯಲ್ಲಿ ಬಂತು. ಅಲ್ಲಿ ಗೊಲ್ಲಮ್ ಕ್ರೂರಿಯಾದ. ಅದೇ ಹೊತ್ತಿಗೆ ಬಿಲ್ಬೊಗೆ ಅವನ ಮೇಲೆ ಕರುಣೆಯೂ ಹುಟ್ಟಿತು. ಪಾಪವೂ ‘ಪಾಪ’ವೂ ಒಂದೇ ತಿದ್ದುಪಡಿಯಲ್ಲಿ ಒಟ್ಟಿಗೇ ಒಳಗೆ ಬಂದವು. ಇದನ್ನು ಓದಿದ ದಿನ ನನಗೆ ಮೈ ಜುಮ್ ಅಂದಿತ್ತು. ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಫ್ರಾನ್ಸ್‌ನ ಸೊಮ್ ಯುದ್ಧಭೂಮಿಯಲ್ಲಿದ್ದವರು ಟೋಲ್ಕೀನ್. ಆ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವರ ಆಪ್ತ ಗೆಳೆಯರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ತೀರಿಕೊಂಡಿದ್ದರು. ಕೊಲ್ಲಬಹುದಾಗಿದ್ದಾಗ ಕೊಲ್ಲದೆ ಬಿಡುವುದು ಎಂದರೇನು ಅನ್ನುವುದು ಅವರಿಗೆ ಪುಸ್ತಕದ ಮಾತಾಗಿರಲಿಲ್ಲ.

ಇನ್ನು ನನ್ನ ಮನಸ್ಸಿನಲ್ಲಿ ಕೂತಿರುವ ಆ ಮಾತು.

‘ದಿ ಟು ಟವರ್ಸ್’ ಪುಸ್ತಕದ ಕೊನೆಗೆ ಸಿರಿತ್ ಉಂಗೋಲ್ ಎಂಬ ಬೆಟ್ಟದ ಕಣಿವೆದಾರಿಯ ಮೆಟ್ಟಿಲುಗಳು ಬರುತ್ತವೆ. ಗೊಲ್ಲಮ್ ಅಷ್ಟರಲ್ಲಿ ಮೋಸಕ್ಕೆ ತಯಾರಾಗಿದ್ದಾನೆ. ಫ್ರೋಡೊ, ಸ್ಯಾಮ್ ಇಬ್ಬರನ್ನೂ ದೈತ್ಯ ಜೇಡದ ಗುಹೆಗೆ ಒಪ್ಪಿಸುವ ಯೋಚನೆ. ಎಲ್ಲೋ ಹೋಗಿ ವಾಪಸ್ ಬರುತ್ತಾನೆ. ನೋಡಿದರೆ ಇಬ್ಬರೂ ನಿದ್ದೆ ಹೋಗಿದ್ದಾರೆ. ಫ್ರೋಡೊನ ತಲೆ ಸ್ಯಾಮ್‌ನ ಮಡಿಲಲ್ಲಿ. ಸ್ಯಾಮ್‌ನ ಒಂದು ಕೈ ಅವನ ಹಣೆಯ ಮೇಲೆ, ಇನ್ನೊಂದು ಎದೆಯ ಮೇಲೆ. ಇಬ್ಬರ ಮುಖದಲ್ಲೂ ನೆಮ್ಮದಿ.

ಗೊಲ್ಲಮ್ ನಿಂತು ನೋಡುತ್ತಾನೆ. ಅವನ ಕಣ್ಣಿನ ಹೊಳಪು ಆರುತ್ತದೆ. ತಿರುಗಿ ಕಣಿವೆಯ ದಾರಿಯ ಕಡೆ ನೋಡಿ ತಲೆ ಅಲ್ಲಾಡಿಸುತ್ತಾನೆ, ಒಳಗೆ ಏನೋ ಜಗಳ ನಡೆಯುತ್ತಿರುವ ಹಾಗೆ. ಆಮೇಲೆ ಮೆಲ್ಲಗೆ ಬಂದು, ನಡುಗುವ ಕೈ ಚಾಚಿ, ಫ್ರೋಡೊನ ಮಂಡಿಯನ್ನು ಮುಟ್ಟುತ್ತಾನೆ. ಹೆಚ್ಚು ಕಡಿಮೆ ನೇವರಿಸುತ್ತಾನೆ. ಆ ಗಳಿಗೆಯಲ್ಲಿ ಅವರಿಬ್ಬರು ಎದ್ದು ನೋಡಿದ್ದರೆ ಅವನು ರಾಕ್ಷಸನ ಹಾಗೆ ಕಾಣುತ್ತಿರಲಿಲ್ಲ ಅನ್ನುತ್ತಾರೆ ಟೋಲ್ಕೀನ್. ಮುದುಕನಾದ, ದಣಿದ ಒಬ್ಬ ಹಾಬಿಟ್ ಕಾಣುತ್ತಿದ್ದ. ತನ್ನವರನ್ನೂ ತನ್ನ ಊರಿನ ಗದ್ದೆ ಹೊಳೆಗಳನ್ನೂ ದಾಟಿ ಬದುಕು ಎಳೆದುಕೊಂಡು ಬಂದ ಒಂದು ಜೀವ.

ಆಗ ಸ್ಯಾಮ್‌ಗೆ ಎಚ್ಚರವಾಗುತ್ತದೆ. ಏನು ಮಾಡ್ತಿದ್ದೀಯ, ಎಲ್ಲಿಗೆ ಕದ್ದು ಹೋಗಿದ್ದೆ ಅಂತ ಗದರುತ್ತಾನೆ. ಮುಗಿಯಿತು. ಗೊಲ್ಲಮ್‌ನ ಕಣ್ಣು ಮತ್ತೆ ಹಸಿರಾಗುತ್ತದೆ.

ಇಡೀ ಪುಸ್ತಕದಲ್ಲಿ ತಮ್ಮ ಮನಸ್ಸನ್ನು ತುಂಬಾ ಕಲಕಿದ ಕಡೆಗಳಲ್ಲಿ ಇದೂ ಒಂದು ಅಂತ ಟೋಲ್ಕೀನ್ ಒಂದು ಕಾಗದದಲ್ಲಿ ಹೇಳಿಕೊಂಡಿದ್ದಾರೆ. ಗೊಲ್ಲಮ್ ಪಶ್ಚಾತ್ತಾಪಕ್ಕೆ ಕೂದಲೆಳೆಯಷ್ಟು ಹತ್ತಿರ ಬಂದಿದ್ದ, ಸ್ಯಾಮ್‌ನ ಒಂದು ಒರಟು ಮಾತು ಅದನ್ನು ಕೆಡಿಸಿತು ಅಂತ. ಸ್ಯಾಮ್ ಕೆಟ್ಟವನಲ್ಲ. ಆ ಕಥೆಯಲ್ಲಿ ಅವನಷ್ಟು ಒಳ್ಳೆಯವನು ಇನ್ನೊಬ್ಬನಿಲ್ಲ. ಸಂಕಟ ಇರುವುದೇ ಅಲ್ಲಿ. ಒಳ್ಳೆಯವನು, ಪ್ರೀತಿಯಿಂದಲೇ, ನಿದ್ದೆಗಣ್ಣಿನಲ್ಲಿ ಆಡಿದ ಒಂದು ಮಾತು.

2003ರ ‘ದಿ ರಿಟರ್ನ್ ಆಫ್ ದಿ ಕಿಂಗ್’ ಚಿತ್ರದಲ್ಲಿ ಇದು ಇಲ್ಲ. ಮೆಟ್ಟಿಲುಗಳಿವೆ, ನಿದ್ದೆ ಇದೆ, ಸ್ಯಾಮ್‌ನ ಗದರಿಕೆಯೂ ಇದೆ. ಆದರೆ ಅಲ್ಲಿ ಗೊಲ್ಲಮ್ ದಾರಿಯ ಬುತ್ತಿಯಾದ ಎಲ್ಫ್ ರೊಟ್ಟಿಯನ್ನು ಕೆಳಗೆ ಎಸೆದು ಆ ತಪ್ಪನ್ನು ಸ್ಯಾಮ್ ಮೇಲೆ ಹಾಕುತ್ತಾನೆ. ಫ್ರೋಡೊ ಅದನ್ನು ನಂಬಿ ಸ್ಯಾಮ್‌ನನ್ನು ಮನೆಗೆ ಹೋಗು ಅನ್ನುತ್ತಾನೆ. ಸಿನಿಮಾಕ್ಕೆ ಒಂದು ತಿರುವು ಬೇಕಿತ್ತು, ಅರ್ಥವಾಗುತ್ತದೆ. ಮೂರು ದೊಡ್ಡ ಚಿತ್ರಗಳನ್ನು ಒಟ್ಟಿಗೆ, 1999ರ ಅಕ್ಟೋಬರ್‌ನಿಂದ 2000ದ ಡಿಸೆಂಬರ್‌ವರೆಗೆ ನ್ಯೂಜಿಲೆಂಡ್‌ನಲ್ಲಿ ಚಿತ್ರೀಕರಿಸಿದವರು ನೀವು. ಏನೇನು ಬಿಡಬೇಕಾಯಿತೋ ನಿಮಗೇ ಗೊತ್ತು. ಪುಸ್ತಕದಲ್ಲಿ ಬರುವ ಟಾಮ್ ಬಾಂಬಡಿಲ್ ಎಂಬ ಪಾತ್ರ ಇಲ್ಲದ್ದಕ್ಕೆ ನಾನು ದೂರು ಹೇಳುವುದಿಲ್ಲ. ಫ್ರೋಡೊ ಊರಿಗೆ ಮರಳಿದ ಮೇಲಿನ ಗಲಾಟೆಯನ್ನು ಬಿಟ್ಟದ್ದಕ್ಕೂ ಇಲ್ಲ. ಆದರೆ ಆ ಮುಟ್ಟುವಿಕೆ ಇಲ್ಲದ್ದು ಈಗಲೂ ನೋಯುತ್ತದೆ.

ಅಜ್ಜಿಗೆ ಆ ಚಿತ್ರವನ್ನು ಡಿವಿಡಿ ಹಾಕಿ ತೋರಿಸಿದ್ದೆ. ಮೆಟ್ಟಿಲ ದೃಶ್ಯ ಬಂತು, ಹೋಯಿತು. ಸ್ಯಾಮ್ ಅಳುತ್ತಾ ಕೆಳಗಿಳಿಯುತ್ತಿದ್ದ. ಅಜ್ಜಿ ನನ್ನ ಕಡೆ ತಿರುಗಿದಳು.

“ಅವ ಮಂಡಿ ಮುಟ್ಟಿದ್ದು ಎಲ್ಲಿ?” ಅಂತ ಕೇಳಿದಳು.

ಜಗಲಿಯಲ್ಲಿ ಒಂದೇ ಸಲ ಹೇಳಿದ್ದೆ. ಅವಳಿಗೆ ನೆನಪಿತ್ತು. “ಸಿನಿಮಾದಲ್ಲಿ ಅದು ಇಲ್ಲ ಅಜ್ಜಿ” ಅಂದೆ. ಅವಳು ಸುಮ್ಮನಾದಳು. ಆಮೇಲೆ ಕೊನೆಗೆ ಉಂಗುರದ ಸಮೇತ ಬೆಟ್ಟದ ಬೆಂಕಿಯಲ್ಲಿ ಗೊಲ್ಲಮ್ ಬೀಳುವಾಗಲೂ ಏನೂ ಹೇಳಲಿಲ್ಲ. ನನಗೆ ಆವತ್ತು ಗೊತ್ತಾದದ್ದು ಇಷ್ಟು: ಆ ಕೈ ಮಂಡಿಯನ್ನು ಮುಟ್ಟದಿದ್ದರೆ ಬೆಟ್ಟದ ತುದಿಯಲ್ಲಿ ಬೀಳುವವನು ಖಳನಾಯಕ ಮಾತ್ರ. ಮುಟ್ಟಿದ್ದರೆ ಬೀಳುವವನು ನಮ್ಮವನು. ಪುಸ್ತಕದಲ್ಲಿ ಎಲ್ಲ ಮುಗಿದ ಮೇಲೆ ಫ್ರೋಡೊ, ಇವನಿಲ್ಲದಿದ್ದರೆ ನನ್ನ ಕೈಯಲ್ಲಿ ಉಂಗುರ ನಾಶ ಮಾಡಲು ಆಗುತ್ತಿರಲಿಲ್ಲ, ಅವನನ್ನು ಕ್ಷಮಿಸೋಣ ಅನ್ನುತ್ತಾನೆ. ಆ ಮಾತೂ ಚಿತ್ರದಲ್ಲಿ ಬರಲಿಲ್ಲ.

ಅದಕ್ಕೇ ಹೊಸ ಚಿತ್ರದ ಸುದ್ದಿ ಕೇಳಿದಾಗ ನನಗೆ ಆಸೆಯೂ ಆಯಿತು, ಹೆದರಿಕೆಯೂ ಆಯಿತು.

ಹೆದರಿಕೆ ಯಾಕೆ ಅಂದರೆ, ಕಥೆಯ ಹಿನ್ನೆಲೆಯಲ್ಲಿ ಕಂಡೂ ಕಾಣದಂತಿರುವ ಹಳೆಯ ಸಂಗತಿಗಳ ಬಗ್ಗೆ ಟೋಲ್ಕೀನ್ ಒಂದು ಮಾತು ಬರೆದಿದ್ದಾರೆ. ಅದು ದೂರದಿಂದ ಒಂದು ದ್ವೀಪವನ್ನು ನೋಡಿದ ಹಾಗೆ, ಬಿಸಿಲುಮಂಜಿನಲ್ಲಿ ಹೊಳೆಯುವ ಊರಿನ ಗೋಪುರಗಳನ್ನು ನೋಡಿದ ಹಾಗೆ. ಅಲ್ಲಿಗೇ ಹೋಗಿಬಿಟ್ಟರೆ ಆ ಮಾಯೆ ಒಡೆಯುತ್ತದೆ, ಅದರಾಚೆ ಇನ್ನೊಂದು ದೂರ ಕಾಣದಿದ್ದರೆ. ಗೊಲ್ಲಮ್‌ಗಾಗಿ ನಡೆದ ಹುಡುಕಾಟ ಅಂಥದ್ದೇ ಒಂದು ದ್ವೀಪ. ಎಲ್ಫ್ ಒಡೆಯ ಎಲ್ರಾಂಡ್‌ನ ಸಭೆಯಲ್ಲಿ ಅರಗಾರ್ನ್ ಎಂಬ ಅಲೆಮಾರಿ ವೀರ ಕೆಲವೇ ಸಾಲುಗಳಲ್ಲಿ ಅದನ್ನು ಹೇಳಿ ಮುಗಿಸುತ್ತಾನೆ. ನೀವು ಈಗ ಅಲ್ಲಿಗೇ ಹೋಗುತ್ತಿದ್ದೀರಿ. ಅಲ್ಲಿ ಸೈನ್ಯ, ಕೋಟೆ, ಹಾರಾಟ ತುಂಬುವುದು ಸುಲಭ. ದಯವಿಟ್ಟು ತುಂಬಬೇಡಿ.

ಆಸೆ ಯಾಕೆ ಅಂದರೆ, ಆ ಕೆಲವೇ ಸಾಲುಗಳಲ್ಲಿ ಏನಿದೆ ನೋಡಿ. ಮಾಂತ್ರಿಕ ಗ್ಯಾಂಡಾಲ್ಫ್ ಮತ್ತು ಅರಗಾರ್ನ್ ಬಿಟ್ಟು ಬಿಟ್ಟು ಎಂಟು ವರ್ಷ ಅವನನ್ನು ಹುಡುಕುತ್ತಾರೆ. ಗ್ಯಾಂಡಾಲ್ಫ್ ಕೈಬಿಡುತ್ತಾನೆ. ಕೊನೆಗೆ ‘ಸತ್ತವರ ಜೌಗು’ ಎಂಬ ಜಾಗದ ಅಂಚಿನಲ್ಲಿ ಅರಗಾರ್ನ್ ಅವನನ್ನು ಹಿಡಿಯುತ್ತಾನೆ. ಗೊಲ್ಲಮ್ ಕಚ್ಚುತ್ತಾನೆ. ನಾನೂ ಮೃದುವಾಗಿ ನಡೆದುಕೊಳ್ಳಲಿಲ್ಲ ಅಂತ ಅರಗಾರ್ನ್ ತಾನೇ ಒಪ್ಪಿಕೊಳ್ಳುತ್ತಾನೆ. ಬಾಯಿಗೆ ಬಟ್ಟೆ ಕಟ್ಟಿ, ಕುತ್ತಿಗೆಗೆ ಹಗ್ಗ ಹಾಕಿ, ಅನ್ನ ನೀರು ಇಲ್ಲದೆ ಬಗ್ಗುವವರೆಗೆ ಮುಂದೆ ನಡೆಸಿಕೊಂಡು ಹೋಗುತ್ತಾನೆ. ಟೋಲ್ಕೀನ್‌ರ ಬೇರೆ ಟಿಪ್ಪಣಿಗಳ ಪ್ರಕಾರ ಸುಮಾರು 900 ಮೈಲಿ, 50 ದಿನ, ಮಿರ್ಕ್‌ವುಡ್ ಕಾಡಿನ ಎಲ್ಫ್‌ಗಳ ಅರಮನೆಯವರೆಗೆ. ತನ್ನ ಪ್ರಯಾಣದಲ್ಲೇ ಅತಿ ಕೆಟ್ಟ ಭಾಗ ಅದು ಅನ್ನುತ್ತಾನೆ.

ಇದೇ ಅರಗಾರ್ನ್ ಮುಂದೆ ರಾಜನಾಗುತ್ತಾನೆ. ರಾಜನ ಕೈ ಅಂದರೆ ಗುಣಪಡಿಸುವ ಕೈ ಎಂಬ ಹಳೆಯ ಮಾತು ಅವನ ವಿಷಯದಲ್ಲಿ ನಿಜವಾಗುತ್ತದೆ. ಸಾವಿನ ಅಂಚಿನಲ್ಲಿದ್ದವರು ಅವನು ಮುಟ್ಟಿದಾಗ ಕಣ್ಣು ಬಿಡುತ್ತಾರೆ. ಆ ಕೈಯೇ ಈ ಹಗ್ಗ ಹಿಡಿದದ್ದು. ಇದಕ್ಕಿಂತ ದೊಡ್ಡ ಸಿನಿಮಾ ಬೇಕಾ? ಐವತ್ತು ದಿನ ಇಬ್ಬರೇ. ಒಬ್ಬನ ಬಾಯಿ ಕಟ್ಟಿದೆ, ಇನ್ನೊಬ್ಬನಿಗೆ ಮಾತಾಡಲು ಮನಸ್ಸಿಲ್ಲ. ಹಗ್ಗ ಹಿಡಿದವನು ದಿನಾ ರಾತ್ರಿ ನಿದ್ದೆಗೆಟ್ಟು ಈ ಜೀವವನ್ನು ಕಾಯಬೇಕು. ಅವನಿಗೆ ಎಂದಾದರೂ ಒಂದು ರಾತ್ರಿ ‘ಪಾಪ’ ಅನ್ನಿಸಿತಾ? ಅನ್ನಿಸಿದ್ದರೆ ಏನು ಮಾಡಿದ? ಪುಸ್ತಕ ಇದನ್ನು ಹೇಳುವುದಿಲ್ಲ. ನೀವು ಕ್ಯಾಮೆರಾ ತೆಗೆದುಕೊಂಡು ಹೋಗಬಹುದಾದ ಜಾಗ ಇದು. ಆಗ ಆ ದ್ವೀಪದಾಚೆ ಇನ್ನೊಂದು ದೂರ ನಮಗೂ ಕಾಣುತ್ತದೆ.

ಆಂಡಿಯವರೇ, ಈ ಸಲ ನೀವೇ ನಿರ್ದೇಶಕರು, ಗೊಲ್ಲಮ್ ಕೂಡ ನೀವೇ. ಆ ಮೈಯನ್ನು ಒಳಗಿನಿಂದ ಬಲ್ಲವರು ನಿಮ್ಮಷ್ಟು ಯಾರೂ ಇಲ್ಲ. ಮೆಟ್ಟಿಲ ದೃಶ್ಯವನ್ನು ಈಗ ಹಿಂದೆ ಹೋಗಿ ಸೇರಿಸಲು ಆಗುವುದಿಲ್ಲ, ಗೊತ್ತು. ಆದರೆ ಆ ನಡುಗುವ ಕೈಯನ್ನು ಈ ಕಥೆಯಲ್ಲಿ ಎಲ್ಲಾದರೂ ಒಂದು ಕಡೆ ಚಾಚಿಸಬಹುದು. ಅದಕ್ಕೆ ಜಾಗವೂ ಪುಸ್ತಕದಲ್ಲೇ ಇದೆ.

ಎಲ್ಫ್‌ಗಳ ಸೆರೆಯಲ್ಲಿ ಅವನನ್ನು ಯಾವಾಗಲೂ ನೆಲದಡಿಯ ಕತ್ತಲೆಕೋಣೆಯಲ್ಲಿ ಇಡಲು ಅವರಿಗೆ ಮನಸ್ಸು ಬರಲಿಲ್ಲ ಅಂತ ಅವರವನೇ ಆದ ಲೆಗೊಲಾಸ್ ಅದೇ ಸಭೆಯಲ್ಲಿ ಹೇಳುತ್ತಾನೆ. ಮತ್ತೆ ಹಳೆಯ ಕಪ್ಪು ಯೋಚನೆಗಳಿಗೆ ಬೀಳುತ್ತಾನೆ ಅಂತ. ಹಾಗಾಗಿ ಬಿಸಿಲಿದ್ದ ದಿನ ಕಾಡಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಒಂಟಿಯಾಗಿ ನಿಂತ ಒಂದು ಎತ್ತರದ ಮರ. ಅದನ್ನು ಹತ್ತಲು ಬಿಡುತ್ತಿದ್ದರು. ಅವನು ತುದಿಯ ಕೊಂಬೆವರೆಗೆ ಹತ್ತಿ, ಗಾಳಿ ಮೈಗೆ ತಾಗುವವರೆಗೆ ಹೋಗಿ ಕೂರುತ್ತಿದ್ದ. ಒಂದು ದಿನ ಇಳಿಯಲಿಲ್ಲ. ಆ ರಾತ್ರಿ ಓರ್ಕ್ ಎಂಬ ರಾಕ್ಷಸರ ದಾಳಿಯಾಯಿತು, ಅವನು ತಪ್ಪಿಸಿಕೊಂಡ.

ಬಿಸಿಲಿಗೆ ಹೆದರಿ 500 ವರ್ಷ ಬೆಟ್ಟದ ಕೆಳಗೆ ಅಡಗಿದ್ದವನು ತಾನಾಗಿ ಮರದ ತುದಿ ಹತ್ತುತ್ತಿದ್ದ, ನೋಡಿ.

ಇದನ್ನು ಹೇಳಿದ ರಾತ್ರಿ ಬುಟ್ಟಿಯಲ್ಲಿ ಇನ್ನೂ ಅರ್ಧ ಅಡಿಕೆ ಉಳಿದಿತ್ತು. ಚೊಗರು ಹತ್ತಿ ಕಪ್ಪಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಜ್ಜಿ, ಅಲ್ಲಿ ಮೇಲೆ ಕೂತು ಅವನು ಏನು ನೋಡುತ್ತಿದ್ದ ಅಂತ ಕೇಳಿದಳು. ಪುಸ್ತಕದಲ್ಲಿ ಬರೆದಿಲ್ಲ ಅಂದೆ. ಅವನ ಊರಿನ ಹೊಳೆ ಅಲ್ಲಿಂದ ಕಾಣುತ್ತಿತ್ತಾ ಅಂತ ಮತ್ತೆ ಕೇಳಿದಳು. ನನಗೆ ಗೊತ್ತಿರಲಿಲ್ಲ. ಮರುದಿನ ನಕ್ಷೆ ತೆಗೆದು ನೋಡಿದೆ. ಅದರಲ್ಲಿ ಆ ಒಂಟಿ ಮರ ಇಲ್ಲ.

ಅಜ್ಜಿ ಈಗಿಲ್ಲ. ಆ ಮರದ ಮೇಲೆ ಅವನ ಪಕ್ಕದಲ್ಲಿ ಕ್ಯಾಮೆರಾ ಇಡಿ. ಒಂದೆರಡು ನಿಮಿಷ ಸಾಕು. ಮಾತು ಬೇಡ. ಅವನು ಏನು ನೋಡುತ್ತಿದ್ದ ಅಂತ ನಮಗೂ ತೋರಿಸಿ.

ಇಂತಿ,
ಸಾಗರ ಸೀಮೆಯ ಒಬ್ಬ ಓದುಗಳು